ಮಾರ್ಲೀನ್ ಅತ್ತೆಯ ಭೂಮಿಯ ದುಡ್ಡು

ನಮ್ಮ ಡುವಾಲ್‌ನಲ್ಲಿ ಫೆಬ್ರವರಿ ಬಂತೆಂದರೆ ಎರಡು ಚಿಂತೆ. ಒಂದು, ಹೊಳೆ ಉಕ್ಕಿ ಕಣಿವೆಯ ರಸ್ತೆಗೆ ಬರುತ್ತದೆ, ರೆಡ್ಮಂಡಿಗೆ ಕೆಲಸಕ್ಕೆ ಹೋಗುವವರು ಸುತ್ತು ಹಾಕಿ ಹೋಗಬೇಕು. ಇನ್ನೊಂದು ಟ್ಯಾಕ್ಸ್. ಹೊಳೆ ಎರಡು ದಿನದಲ್ಲಿ ಇಳಿಯುತ್ತದೆ. ಟ್ಯಾಕ್ಸಿನ ಚಿಂತೆ ಏಪ್ರಿಲ್ ಹದಿನೈದರವರೆಗೆ, ಅಂದರೆ ರಿಟರ್ನ್ ಕಳಿಸುವ ಕೊನೆಯ ದಿನದವರೆಗೆ, ಇಳಿಯುವುದಿಲ್ಲ.

ನಾನು ಜೋಯ್ಸ್. ಊರು ಉಡುಪಿ ಕಡೆಯ ಶಿರ್ವ. ವಾರವೆಲ್ಲ ಓವರ್‌ಲೇಕ್‌ನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುತ್ತೇನೆ. ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಜನರಿಗೆ ಉಚಿತವಾಗಿ ಟ್ಯಾಕ್ಸ್ ತುಂಬಿಕೊಡುವ ಮೇಜಿನಲ್ಲಿ ಕೂರುತ್ತೇನೆ. ಅಲ್ಲಿ ಕೂತು ಕೂತು ಇಲ್ಲಿಗೆ ವಲಸೆ ಬಂದ ನಮ್ಮ ಕನ್ನಡದವರ ಒಂದು ಅಭ್ಯಾಸ ಗೊತ್ತಾಗಿದೆ. ವೀಸಾದ ಭಯದಲ್ಲೇ ಹತ್ತು ವರ್ಷ ಕಳೆದವರು ಬ್ಯಾಂಕಿಗೆ ಬಂದದ್ದನ್ನೆಲ್ಲ ಆದಾಯ ಅಂತ ತೋರಿಸಿಬಿಡುತ್ತಾರೆ. ಮದುವೆಯಲ್ಲಿ ಬಂದ ಮುಯ್ಯಿಯನ್ನೂ ತೋರಿಸಿದ ಪುಣ್ಯಾತ್ಮರಿದ್ದಾರೆ. ಜಾಸ್ತಿ ತೋರಿಸಿದರೆ ತಾನೇ, ನಷ್ಟ ಏನು ಅಂತ ಅವರ ವಾದ. ನಷ್ಟ ಏನು ಅಂತ ಈ ಕಥೆಯಲ್ಲಿದೆ.

ಫೆಬ್ರವರಿಯ ಎರಡನೇ ಶನಿವಾರ ಕಲ್ಮೇಶ್ ಬಂದರು. ಬಾಗಲಕೋಟೆಯವರು, ಸಾಫ್ಟ್‌ವೇರ್ ಕೆಲಸ. ಅವರ ಹೆಂಡತಿ ಕೆಂಡ್ರಾ ಇಲ್ಲಿಯ ಮೂಲನಿವಾಸಿ ಬುಡಕಟ್ಟಿನವಳು, ಆಸ್ಪತ್ರೆಯಲ್ಲಿ ನರ್ಸ್. ಅವತ್ತು ಅವಳಿಗೆ ಡ್ಯೂಟಿ ಇತ್ತು. ಕಲ್ಮೇಶ್ ಜೊತೆ ಇಬ್ಬರು ಹೆಂಗಸರು ಬಂದಿದ್ದರು. ಒಬ್ಬರು ಕೆಂಡ್ರಾಳ ತಾಯಿ ಮಾರ್ಲೀನ್. ಅರವತ್ತೊಂದು ವರ್ಷ, ಶಾಲೆಯ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಬಸವಣ್ಣೆವ್ವನ ಭುಜದ ಮೇಲೆ. ಬಸವಣ್ಣೆವ್ವ ಅಂದರೆ ಕಲ್ಮೇಶ್ ಅವರ ತಾಯಿ, ಮಗನ ಮನೆಗೆ ಆರು ತಿಂಗಳಿಗೆ ಬಂದವರು. ಬೀಗಿತ್ತಿಯರಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಬಟಾಣಿ ಸುಲಿಯುತ್ತಾ ಗಂಟೆಗಟ್ಟಲೆ ಮಾತಾಡುತ್ತಾರಂತೆ.

ಕಲ್ಮೇಶ್ ಒಂದು ಕಾಗದ ಮೇಜಿನ ಮೇಲಿಟ್ಟರು. ಕಡಿಮೆ ಆದಾಯದವರಿಗೆ ರಾಜ್ಯ ಕೊಡುವ ಉಚಿತ ಆರೋಗ್ಯ ವಿಮೆಯ ಕಚೇರಿಯದು. ಮಾರ್ಲೀನ್ ಅವರ ಆದಾಯ ಮಿತಿ ಮೀರಿದೆ, ಫೆಬ್ರವರಿ ಕೊನೆಗೆ ವಿಮೆ ನಿಲ್ಲುತ್ತದೆ ಎಂದು ಬರೆದಿತ್ತು.

"ಅಕ್ಕಾರ, ಮಾರ್ಚ್ ಇಪ್ಪತ್ತಕ್ಕ ಅತ್ತಿ ಮೊಣಕಾಲ ಆಪರೇಷನ್ ಐತ್ರಿ. ಎರಡು ವರ್ಷ ಕಾದು ಸಿಕ್ಕ ಡೇಟ್. ಇನ್ಶೂರನ್ಸ್ ಹೋದ್ರ ಕ್ಯಾನ್ಸಲ್ ಮಾಡಬೇಕಾಕ್ಕತಿ," ಅಂದರು.

ಮಾರ್ಲೀನ್ ನೋವಿನ ಕಾಲನ್ನು ಪಕ್ಕದ ಕುರ್ಚಿಯ ಮೇಲೆ ಚಾಚಿ ಕೂತರು.

"ಕಳೆದ ವರ್ಷದ ರಿಟರ್ನ್ ಯಾರು ತುಂಬಿದ್ದು?" ಅಂತ ಕೇಳಿದೆ.

"ನಾನಾ ತುಂಬೀನ್ರಿ," ಕಲ್ಮೇಶ್ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. "ಒಂದು ಪೈಸಾನೂ ಬಿಟ್ಟಿಲ್ಲ."

ಅದೇ ತೊಂದರೆಯಾಗಿತ್ತು. ಶಾಲೆಯ ಸಂಬಳ ಹದಿನೈದೂವರೆ ಸಾವಿರ ಡಾಲರ್, ಸರಿ. ಬುಡಕಟ್ಟೇ ನಡೆಸುವ ಕ್ಯಾಸಿನೋದ ಲಾಭದಲ್ಲಿ ಪಾಲು ಎರಡು ಸಾವಿರದ ನಾನೂರು, ಅದೂ ಸರಿ. ಅದರ ಕೆಳಗೆ 'ಇತರ ಆದಾಯ' ಅಂತ ಎಂಟು ಸಾವಿರದ ಇನ್ನೂರು. ವಿಮೆಗೆ ಮಿತಿ ಇಪ್ಪತ್ತೊಂದು ಸಾವಿರದ ಆಸುಪಾಸು. ಆ ಎಂಟು ಸಾವಿರ ಸೇರಿದ್ದರಿಂದಲೇ ಅತ್ತೆ ಮಿತಿ ದಾಟಿದ್ದರು.

"ಈ ಎಂಟು ಸಾವಿರ ಎಂತದ್ದು ಮಾರಾಯ್ರೆ?"

"ಅದು ಟ್ರೈಬ್ ಕಡಿಂದ ಬರ್ತದಲ್ರಿ, ಜಮೀನಿಂದು. ಫ್ರೀ ರೊಕ್ಕ. ಬ್ಯಾಂಕಿಗೆ ಬಂದೈತಿ ಅಂದಮ್ಯಾಗ ತೋರಸಬೇಕಲ್ಲ?"

ಮಾರ್ಲೀನ್‌ಗೆ ಕನ್ನಡ ಬಾರದು. ಆದರೆ 'ಫ್ರೀ' ಅನ್ನುವ ಪದ ಕೇಳಿದ ಕೂಡಲೇ ಅವರು ತಲೆ ತಗ್ಗಿಸಿದರು. ಆ ಮಾತನ್ನು ಅವರು ಮೊದಲ ಸಲ ಕೇಳುತ್ತಿರಲಿಲ್ಲ ಅಂತ ನನಗೆ ಅನಿಸಿತು. ನನಗೆ ಸಿಟ್ಟೂ ಬಂತು.

ನಾನು ಅವರ ಹತ್ತಿರ ಇಂಗ್ಲಿಷಿನಲ್ಲಿ ಕೇಳಿದೆ. ಅವರು ನಿಧಾನವಾಗಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಹೊಳೆದಂಡೆಯ ಮೇಲೆ ನಮ್ಮ ಜನರ ಜಮೀನು, ಕಾಡು ಇದೆ. ಸರ್ಕಾರ ಅದನ್ನ ನಮ್ಮ ಪರವಾಗಿ ಟ್ರಸ್ಟಿನಲ್ಲಿ ಇಟ್ಟುಕೊಂಡಿದೆ. ನಮ್ಮಜ್ಜಿಯ ಕಾಲದಿಂದ ಅಲ್ಲಿಯ ಮರ ಮಾರಿದಾರೆ. ಟ್ರಸ್ಟಿನಲ್ಲಿ ಕೂಡಿಬಿದ್ದ ಆ ಮರದ ದುಡ್ಡನ್ನ ಈಗ ಎರಡು ವರ್ಷದಿಂದ ತಲೆಗೆ ಇಷ್ಟು ಅಂತ ಹಂಚ್ತಾ ಇದಾರೆ. ಅದನ್ನ ಯಾವತ್ತೂ ನಾನು ಆದಾಯ ಅಂದುಕೊಂಡಿಲ್ಲ. ಆದರೆ ಕಳೆದ ವರ್ಷ ಮೊದಲ ಸಲ ನನ್ನ ರಿಟರ್ನ್ ತುಂಬಿದ್ದು ಅಳಿಯ, ಓದಿದವನು. ಫ್ರೀ ದುಡ್ಡಾದರೂ ತೋರಿಸಬೇಕು ಅಂದ. ನಾನು ಸುಮ್ಮನಾದೆ."

ನಾನು ಕಲ್ಮೇಶ್ ಕಡೆ ತಿರುಗಿದೆ. "ಟ್ರಸ್ಟಿನಲ್ಲಿರೋ ಜಮೀನಿನ ದುಡ್ಡನ್ನ ಸದಸ್ಯರಿಗೆ ಹಂಚಿದ್ರೆ ಅದಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಹಾಗಂತ ಕಾನೂನೇ ಉಂಟು. ನೀವು ಬರೀಬಾರದಿದ್ದದ್ದನ್ನ ಬರ್ದಿದ್ದೀರಿ."

ಕಲ್ಮೇಶ್ ನಂಬಲಿಲ್ಲ. "ಎಂಟು ಸಾವಿರ ಡಾಲರ್ ಬಂದೈತಿ, ಟ್ಯಾಕ್ಸ್ ಇಲ್ಲ ಅಂದ್ರ ಹೆಂಗ್ರೀ? ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಮೇ ತಿಂಗಳದಾಗ ಐತಿ. ಕೆಂಡ್ರಾಂದೂ ಇದಾ ರೊಕ್ಕ ನಮ್ಮ ಜಾಯಿಂಟ್ ರಿಟರ್ನ್‌ನಾಗ ತೋರಿಸೀನಿ. ಈಗ ತಗದ್ರ ನನ್ನ ಕಳ್ಳ ಅನ್ನಂಗಿಲ್ಲೇನು? ಜಾಸ್ತಿ ತೋರಿಸಿದ್ರ ಯಾರೂ ಕೇಳಂಗಿಲ್ಲ. ಕಡಿಮಿ ತೋರಿಸಿದ್ರ ಕೇಳತಾರ."

"ಜಾಸ್ತಿ ತೋರಿಸಿದ್ದಕ್ಕೆ ಯಾರು ಕೇಳಿದ್ರು ಅಂತ ಈ ಕಾಗದದಲ್ಲೇ ಉಂಟಲ್ಲ," ಅಂದೆ.

ಅಷ್ಟರಲ್ಲಿ ಬಸವಣ್ಣೆವ್ವ ನನ್ನ ಕೈ ಹಿಡಿದು, "ಏನಂತಾರ ತಂಗೀ? ಬೀಗಿತ್ತಿ ಮಾರಿ ಯಾಕ ಸಣ್ಣಗಾಗೈತಿ?" ಅಂತ ಕೇಳಿದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅಜ್ಜಿಯ ಜಮೀನು, ಮಾರಿದ ಮರ, ಹಂಚಿದ ಹಣ, ಕೊನೆಗೆ ಮಗ ಆಡಿದ 'ಫ್ರೀ ರೊಕ್ಕ'ದ ಮಾತು ಕೂಡ. ಮುಚ್ಚಿಡುವುದು ನನ್ನ ಜಾಯಮಾನವಲ್ಲ.

ಬಸವಣ್ಣೆವ್ವ ನನ್ನ ಕೈ ಬಿಟ್ಟರು. ಆಮೇಲೆ ಮಗನನ್ನು ನೋಡಿದರು.

"ಕಲ್ಮೇಶಾ, ನಮ್ಮ ಹಳೇ ಮನಿ ಎಲ್ಲೈತೋ?"

"ಅದ್ಯಾಕಬೇ ಈಗ?"

"ಹೇಳು ಅಂದೆ."

"ಹಿನ್ನೀರಾಗ," ಅಂದರು ಕಲ್ಮೇಶ್.

"ಡ್ಯಾಮಿನ ನೀರು ಬಂತು, ಮನಿ ಬಿಡ್ರಿ ಅಂದ್ರು. ನಿಮ್ಮಪ್ಪ ಬಾಗಲಾ ಚೌಕಟ್ಟು ಕಿತ್ತು ಚಕ್ಕಡಿಗೆ ಹೇರಿಕೊಂಡು ನವನಗರಕ್ಕ ಬಂದ. ನೀ ಆ ಚೌಕಟ್ಟಿನ ಮ್ಯಾಲ ಕುಂತಕೊಂಡ ಬಂದಿ. ಮುಳುಗಡೆ ಪರಿಹಾರದ ರೊಕ್ಕ ಬಂತಲ್ಲ, ಅದಕ್ಕ ಯಾರರ ಪಗಾರ ಅಂದ್ರೇನು? ಫ್ರೀ ರೊಕ್ಕ ಅಂದಿದ್ರ ನಿಮ್ಮಪ್ಪ ಸುಮ್ಮನಿರತಿದ್ನೇನು?"

ಲೈಬ್ರರಿ ಅಂದರೆ ಎಲ್ಲರೂ ಮೆತ್ತಗೆ ಮಾತಾಡುವ ಜಾಗ. ಆದರೂ ಬಸವಣ್ಣೆವ್ವನ ದನಿ ಪುಸ್ತಕದ ಕಪಾಟಿನ ತನಕ ಹೋಗಿತ್ತು, ಇಬ್ಬರು ಮೂವರು ತಿರುಗಿ ನೋಡಿದರು.

"ಅದು ನಮ್ಮ ಮನಿಯಪ್ಪಾ," ಅಂದರು ಬಸವಣ್ಣೆವ್ವ, ಈಗ ಮೆತ್ತಗೆ. "ಮನಿ ಹೋಗಿ ರೊಕ್ಕ ಆತು, ಅಷ್ಟ. ಬೀಗಿತ್ತಿದೂ ಹಂಗ."

ಕಲ್ಮೇಶ್ ಎದ್ದು ಅತ್ತೆಯ ಇನ್ನೊಂದು ಪಕ್ಕದ ಕುರ್ಚಿಗೆ ಹೋದರು. ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರು, ಮಾತು ತಡವರಿಸಿತು. ತಮ್ಮ ಮುಳುಗಿದ ಮನೆಯ ವಿಷಯವನ್ನು ಅವರು ಅಲ್ಲಿಯವರೆಗೆ ಅತ್ತೆಗೆ ಹೇಳಿಯೇ ಇರಲಿಲ್ಲ, ಈಗ ಬಾಗಿಲ ಚೌಕಟ್ಟಿನ ಸಮೇತ ಹೇಳಿದರು. ಮಾರ್ಲೀನ್ ಕೇಳಿಸಿಕೊಂಡು, "ಬಾಗಿಲು ಈಗಲೂ ಇದೆಯಾ?" ಅಂತ ಮಾತ್ರ ಕೇಳಿದರು. ಇದೆ ಅಂದರು ಕಲ್ಮೇಶ್.

ಮನುಷ್ಯ ಒಮ್ಮೆ ನಂಬಿದರೆ ಪೂರಾ ನಂಬಿಬಿಡುತ್ತಾನೆ, ನೋಡಿ. ಕಲ್ಮೇಶ್ ಲ್ಯಾಪ್‌ಟಾಪ್ ತೆಗೆದು ಹುರುಪಿನಿಂದ, "ಹಂಗಾದ್ರ ಕ್ಯಾಸಿನೋ ರೊಕ್ಕಾನೂ ತಗದ ಬಿಡ್ತೀನ್ರಿ ಅಕ್ಕಾರ! ಟ್ರೈಬಿನವರಿಗೆ ಟ್ಯಾಕ್ಸ್ ಇಲ್ಲ!" ಅಂದರು.

"ನಿಲ್ಲಿ ಮಾರಾಯ್ರೆ! ಈಗ ಈ ಕಡೆ ಗುಂಡಿಗೆ ಬೀಳ್ತೀರಿ," ಅಂದೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದವಳು. ಇಲ್ಲಿ ತರಬೇತಿಗೆ ಬಂದ ಮೊದಲ ದಿನ, ಮೂಲನಿವಾಸಿಗಳಿಗೆ ಟ್ಯಾಕ್ಸೇ ಇಲ್ಲವಂತಲ್ಲ ಅಂತ ಕೇಳಿ ಎಲ್ಲರ ಮುಂದೆ ಪೆಚ್ಚಾಗಿದ್ದೆ. ಟ್ಯಾಕ್ಸ್ ಇದೆ. ದುಡ್ಡು ಯಾವುದರಿಂದ ಬಂತು ಅನ್ನುವುದರ ಮೇಲೆ ಅದು ನಿಂತಿದೆ.

ಆ ಹಣದ ಕಾಗದ ಇದೆಯಾ ಅಂತ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಮಾರ್ಲೀನ್ ತಮ್ಮ ಚೀಲದಿಂದ ಎರಡು ಕಾಗದ ತೆಗೆದರು. ಎರಡರ ಮೇಲೂ ಬುಡಕಟ್ಟಿನ ಒಂದೇ ಮುದ್ರೆ. ಕಲ್ಮೇಶ್ ಎಡವಿದ್ದು ಅಲ್ಲೇ.

"ಈ ಮೊದಲನೇದು ನೋಡಿ," ಅಂದೆ. "1099 ಅಂತ ಉಂಟು, ಟ್ಯಾಕ್ಸ್ ಕಚೇರಿಗೂ ಒಂದು ಪ್ರತಿ ಹೋಗುವ ಆದಾಯದ ಫಾರಂ. ಕ್ಯಾಸಿನೋ ವ್ಯಾಪಾರ, ಅದರ ಲಾಭದ ಪಾಲಿಗೆ ಟ್ಯಾಕ್ಸ್ ಉಂಟು. ತೋರಿಸ್ಲೇಬೇಕು. ಇದು ಎರಡನೇದು. ಇದರಲ್ಲಿ 1099 ಇಲ್ಲ, ಬರೀ ಪತ್ರ. ಟ್ರಸ್ಟ್ ಜಮೀನಿನ ಹಂಚಿಕೆ, ಟ್ಯಾಕ್ಸ್ ಇಲ್ಲ ಅಂತ ಇದರ ಎರಡನೇ ಸಾಲಿನಲ್ಲೇ ಬರ್ದಿದಾರೆ. ಓದಿದ್ರಾ?"

"ಮುದ್ರಿ ನೋಡಿದ್ನಿ, ರಕಮು ನೋಡಿದ್ನಿ," ಅಂದರು ಕಲ್ಮೇಶ್. "ಸಾಲು ಓದಲಿಲ್ರಿ."

"ಆ ಎಂಟು ಸಾವಿರ ಬ್ಯಾಂಕಿನಲ್ಲಿಟ್ಟು ಬಡ್ಡಿ ಬಂದ್ರೆ ಬಡ್ಡಿಗೆ ಟ್ಯಾಕ್ಸ್ ಉಂಟು, ಅದು ಬೇರೆ ಮಾತು. ಅತ್ತೆಗೆ ಬಡ್ಡಿ ಬಂದಿದ್ಯಾ?"

ಕಲ್ಮೇಶ್ ಅದನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಮಾರ್ಲೀನ್ ನಕ್ಕರು. ಆ ದುಡ್ಡಿನಲ್ಲಿ ಮನೆಯ ಮಾಡು ರಿಪೇರಿಯಾಗಿತ್ತಂತೆ. ಬಡ್ಡಿ ಬರುವಷ್ಟು ದಿನ ಅದು ಬ್ಯಾಂಕಿನಲ್ಲಿ ಉಳಿದೇ ಇರಲಿಲ್ಲ.

ಅವತ್ತೇ ಅತ್ತೆಯ ರಿಟರ್ನ್‌ಗೆ ತಿದ್ದುಪಡಿ ಫಾರಂ ತುಂಬಿದೆವು. ಅದರ ಹೆಸರು 1040-X. ತುಂಬಿದ ಮೂರು ವರ್ಷದೊಳಗೆ ತಪ್ಪು ತಿದ್ದಿದರೆ, ಹೆಚ್ಚಾಗಿ ಕಟ್ಟಿದ ಟ್ಯಾಕ್ಸ್ ವಾಪಸ್ ಕೇಳಬಹುದು. ಕಲ್ಮೇಶ್ ಮತ್ತು ಕೆಂಡ್ರಾ ಅವರ ಎರಡು ವರ್ಷದ ರಿಟರ್ನನ್ನು ಮುಂದಿನ ಶನಿವಾರ ತಿದ್ದುವುದೆಂದಾಯಿತು. ಇಂಟರ್‌ವ್ಯೂ ಬಗ್ಗೆ ಅವರಿಗೆ ಇನ್ನೂ ಅಳುಕು. "ತಪ್ಪನ್ನ ತಾನೇ ತಿದ್ದಿದವನ ಮೇಲೆ ಯಾರೂ ಅನುಮಾನ ಪಡೋದಿಲ್ಲ. ಅದಕ್ಕೇ ಅಂತ ಫಾರಂ ಇಟ್ಟಿದಾರಲ್ಲ?" ಅಂದೆ. ಆದರೂ ಧೈರ್ಯಕ್ಕೆ ವಲಸೆ ವಕೀಲರನ್ನೊಮ್ಮೆ ಕೇಳಿ ಅಂತ ಕಳಿಸಿದೆ.

ವಿಮೆಯ ಕೆಲಸಕ್ಕೆ ಟ್ಯಾಕ್ಸ್ ಕಚೇರಿಯ ಉತ್ತರ ಬರುವ ತನಕ ಕಾಯುವ ಹಾಗಿರಲಿಲ್ಲ. ವಿಮೆಯ ಅರ್ಜಿಯಲ್ಲಿ ಮೂಲನಿವಾಸಿಗಳಿಗೆಂದೇ ಒಂದು ಭಾಗ ಇರುತ್ತದೆ. ಲೆಕ್ಕಕ್ಕೆ ಹಿಡಿಯಬಾರದ ಹಣವನ್ನು ಅಲ್ಲಿ ಬರೆಯಬೇಕು. ಕಲ್ಮೇಶ್ ಅದನ್ನು ಖಾಲಿ ಬಿಟ್ಟಿದ್ದರು. ಸೋಮವಾರ ಬುಡಕಟ್ಟಿನ ಕಚೇರಿಗೆ ಹೋಗಿ ಹೊಸದೊಂದು ಪತ್ರ ಬರೆಸಿಕೊಂಡು, ಆ ಭಾಗ ತುಂಬಿ, ವಿಮೆ ನಿಲ್ಲಿಸುವ ತೀರ್ಮಾನವನ್ನು ಮತ್ತೆ ನೋಡಿ ಎಂದು ಮೇಲ್ಮನವಿಯನ್ನೂ ಹಾಕಿ ಕಳಿಸಿದರು. ಮೇಲ್ಮನವಿಗೆ ಎಷ್ಟು ದಿನ ಅವಕಾಶ ಅಂತ ಅದೇ ಕಾಗದದ ಹಿಂಬದಿಯಲ್ಲಿ ಇತ್ತು. ಹಿಂಬದಿಯನ್ನು ಓದುವವರು ಕಡಿಮೆ.

ಆಮೇಲೆ ಕಾಯುವುದು. ಹೊಳೆ ಒಂದು ಸಲ ರಸ್ತೆಗೆ ಬಂದು ಇಳಿಯಿತು. ಮಾರ್ಲೀನ್ ಕೋಲು ಊರಿಕೊಂಡೇ ಶಾಲೆಯ ಅಡುಗೆಮನೆಗೆ ಹೋಗಿ ಬಂದರು. ಬಸವಣ್ಣೆವ್ವ ದಿನಾ ಸಂಜೆ ಬೀಗಿತ್ತಿಯ ಕಾಲಿಗೆ ಬಿಸಿ ಎಣ್ಣೆ ತಿಕ್ಕಿದರು. ನಾನು ಶನಿವಾರ ಶನಿವಾರ ಫೋನ್ ಮಾಡಿ ಕೇಳುತ್ತಿದ್ದೆ. ಮಾರ್ಚ್ ಏಳರಂದು ಕಲ್ಮೇಶ್ ಅವರೇ ಫೋನ್ ಮಾಡಿದರು.

"ಅಕ್ಕಾರ, ಕಾಗದ ಬಂತ್ರಿ! ಇನ್ಶೂರನ್ಸ್ ನಿಲ್ಲಿಸಿಲ್ಲಂತ. ಇಪ್ಪತ್ತಕ್ಕ ಆಪರೇಷನ್ ಪಕ್ಕಾ!"

ನನಗೆ ಕಣ್ಣು ತುಂಬಿ ಬಂತು. ಲೆಕ್ಕದವರಿಗೆ ಅಳು ಬರುವುದಿಲ್ಲ ಅಂತ ಯಾರೂ ತಿಳಿಯಬೇಡಿ.

ಏಪ್ರಿಲ್ ಕೊನೆಯ ಭಾನುವಾರ ಅವರ ಮನೆಗೆ ಊಟಕ್ಕೆ ಹೋದೆ. ಊಟವಾದ ಮೇಲೆ ಮಾರ್ಲೀನ್ ನಡೆಯೋಣ ಅಂದರು. ಕೋಲು ಮನೆಯಲ್ಲೇ ಉಳಿಯಿತು. ಬಸವಣ್ಣೆವ್ವನ ಕೈ ಹಿಡಿದುಕೊಂಡು ಹೊಳೆದಂಡೆಯ ತನಕ ಮೆಲ್ಲಗೆ ನಡೆದರು. ಅಲ್ಲಿ ನಿಂತು ನೀರಿನ ಆಚೆ ದಡ ತೋರಿಸಿ, ತಮ್ಮ ಅಜ್ಜಿ ಅಲ್ಲಿ ಮೀನು ಒಣಗಿಸುತ್ತಿದ್ದರು ಅಂತ ಇಂಗ್ಲಿಷಿನಲ್ಲಿ ಹೇಳಿದರು. ನಾನು ಕನ್ನಡಕ್ಕೆ ತಿರುಗಿಸಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಸವಣ್ಣೆವ್ವ ನೀರು ನೋಡುತ್ತಲೇ, "ಹೌದವ್ವಾ. ನಮ್ಮದೂ ಹಿಂಗಾ ನೀರಾಗ ಐತಿ," ಅಂದರು. ಮಾರ್ಲೀನ್ ತಲೆಯಾಡಿಸಿದರು. ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ.

ಈ ಕಥೆಯಲ್ಲಿ ನಿಮ್ಮ ಹೆಸರು ಬದಲಿಸಲಾ ಅಂತ ಕೇಳಿದೆ. "ಬ್ಯಾಡ್ರಿ, ತಪ್ಪು ನಂದಾ ಐತಿ, ಹೆಸರೂ ನಂದಾ ಇರಲಿ," ಅಂದರು ಕಲ್ಮೇಶ್.

ಇನ್ನು ಓದುತ್ತಿರುವ ನಿಮ್ಮ ವಿಷಯ. ಮೂಲನಿವಾಸಿ ಬುಡಕಟ್ಟಿಗೆ ಸೇರಿದ ಸೊಸೆ, ಅಳಿಯ, ಬೀಗರು, ಮೊಮ್ಮಕ್ಕಳು ಇರುವ ಕನ್ನಡದ ಮನೆ ನನಗೆ ಗೊತ್ತಿರುವುದು ಇಲ್ಲಿ ಮೂರೇ ಮೂರು. ಮೂರಾದರೂ ಸಾಕು, ಒಂದು ಆಪರೇಷನ್ ತಪ್ಪಿಹೋಗಲು ಒಂದೇ ಮನೆ ಸಾಕಿತ್ತು. ಅವರ ಟ್ಯಾಕ್ಸನ್ನು ನೀವು ತುಂಬಿಕೊಡುತ್ತಿದ್ದರೆ ಮುದ್ರೆ ನೋಡಿ ಬರೆಯಬೇಡಿ, ಪತ್ರ ಓದಿ. ಗೊತ್ತಾಗದಿದ್ದರೆ ಬುಡಕಟ್ಟಿನ ಕಚೇರಿಗೇ ಫೋನ್ ಮಾಡಿ, ಇಲ್ಲವೆ ಶನಿವಾರ ಲೈಬ್ರರಿಗೆ ಬನ್ನಿ, ನಾನು ಅಲ್ಲೇ ಇರುತ್ತೇನೆ. ಹಳೆಯ ವರ್ಷದ ತಪ್ಪಿದ್ದರೆ ಮೂರು ವರ್ಷ ತುಂಬುವ ಮೊದಲೇ ಬನ್ನಿ.

ಮತ್ತು ಫಾರಂ ಮೇಲೆ ಕೈಯಿಡುವ ಮೊದಲು ಅವರನ್ನೇ ಕೂರಿಸಿ ಕೇಳಿ: ಈ ದುಡ್ಡು ಎಲ್ಲಿಂದ ಬಂತು? ಅವರು ಹೇಳುವಾಗ ಸುಮ್ಮನೆ ಕೇಳಿಸಿಕೊಳ್ಳಿ. ಅದು ಅವರ ಅಜ್ಜಿಯ ಜಮೀನಿನ ಮಾತಾಗಿರಬಹುದು.