ಕೆಂಪು ದೀಪ ಸುಳ್ಳು ಹೇಳಿರಲಿಲ್ಲ

ನಾಗಮಂಗಲದ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ ದ್ಯಾವಯ್ಯನಿಗೆ ಆಗ ಐವತ್ತೆರಡು ವರ್ಷ. ಅರ್ಧ ಆಯುಷ್ಯವನ್ನು ಬಸ್ಸು ಲಾರಿಗಳ ಎಂಜಿನ್ನಿನ ಪಕ್ಕದಲ್ಲೇ ಕಳೆದವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಒಳಗೆ ಏನು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಅವನ ಮಾತು ತಪ್ಪಿದ್ದು ಯಾರಿಗೂ ನೆನಪಿರಲಿಲ್ಲ.

೧೯೬೮ರ ಒಂದು ಸೋಮವಾರ ಬೆಳಿಗ್ಗೆ, ಪಾಂಡವಪುರದ ಬೆಲ್ಲದ ವ್ಯಾಪಾರಿ ಅಂದಾನಯ್ಯನವರ ಕಾರು ಶೆಡ್ಡಿನ ಮುಂದೆ ನಿಂತಿತು. ಡ್ರೈವರ್ ಚಿಕ್ಕಸ್ವಾಮಿ ಇಳಿದು ಬಂದ.

"ದ್ಯಾವಣ್ಣ, ಬೆಳ್ಳೂರು ದಾಟ್ದಾಗಿಂದ ಆಯಿಲ್ ದೀಪ ಆರ್ತಾನೇ ಇಲ್ಲ ಕಣಣ್ಣ."

ಸ್ಟೀರಿಂಗಿನ ಹಿಂದೆ ಬಟಾಣಿ ಕಾಳಿನಷ್ಟು ಕೆಂಪು ದೀಪ. ಎಂಜಿನ್ನಿನ ಒಳಗೆ ಆಯಿಲ್ ಸರಿಯಾಗಿ ಓಡದಿದ್ದಾಗ ಮಾತ್ರ ಹತ್ತಬೇಕಾದ್ದು. ದ್ಯಾವಯ್ಯ ಅಳತೆಯ ಕಡ್ಡಿ ಎಳೆದು ನೋಡಿದ. ಆಯಿಲ್ ಬೇಕಾದಷ್ಟಿತ್ತು. ಎಂಜಿನ್ನಿನ ಮಗ್ಗುಲಲ್ಲಿದ್ದ ಸ್ವಿಚ್ಚಿನಿಂದ ವೈರು ಕಿತ್ತ. ದೀಪ ಆರಿತು. ಅಂದರೆ ವೈರಿನಲ್ಲಿ ತಪ್ಪಿಲ್ಲ. ಉಳಿದದ್ದು ಎರಡೇ: ಒಂದೋ ಸ್ವಿಚ್ಚು ಕೆಟ್ಟಿದೆ, ಇಲ್ಲ, ಪಂಪು ನಿಜವಾಗಿಯೂ ಆಯಿಲ್ ಎತ್ತುತ್ತಿಲ್ಲ. ಅದನ್ನು ಅಳೆಯುವ ಮೀಟರು ಅವನಲ್ಲಿರಲಿಲ್ಲ. ಬೇಕು ಅಂತ ಎಂದೂ ಅನ್ನಿಸಿರಲಿಲ್ಲ.

ಎಂಜಿನ್ ಚಾಲೂ ಮಾಡಿಸಿ ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟ. ಮೆತ್ತಗಿನ ಗುಂಯ್ ಸದ್ದು ಬಿಟ್ಟರೆ ಇನ್ನೇನೂ ಇಲ್ಲ.

"ಸ್ವಿಚ್ಚು ಹೋಗೈತೆ ಯಜಮಾನ್ರೆ. ಎಂಜಿನ್ ಚೆನ್ನಾಗೈತೆ, ಧೈರ್ಯವಾಗಿ ಹೋಗಿ. ಮುಂದಿನ ವಾರ ಹೊಸಾದು ಹಾಕ್ಕೊಡ್ತೀನಿ" ಎಂದು, ಕಿತ್ತ ವೈರಿನ ತುದಿಗೆ ಟೇಪು ಸುತ್ತಿದ. ದೀಪ ಇನ್ನು ಹತ್ತುವಂತಿರಲಿಲ್ಲ. ಹಿಂದೆ ಕೂತಿದ್ದ ಅಂದಾನಯ್ಯ ತಲೆಯಾಡಿಸಿದರು. ಕಾರು ಹೊರಟಿತು.

ಅದೇ ಹೊತ್ತಿಗೆ ಹೆಂಡತಿ ಮಂಗಳಮ್ಮ ಊಟದ ಕ್ಯಾರಿಯರ್ ಹಿಡಿದು ಬಂದಳು.

"ಅದೇನು ಆ ಕಾರು ಅಂಗೆ ಟಕಟಕ ಅಂತಿತ್ತು? ರಿಪೇರಿ ಮಾಡ್ದೇ ಕಳಿಸ್ಬುಟ್ರಾ?"

"ಯಾವ ಟಕಟಕ?"

"ರಸ್ತೆಗೇ ಕೇಳಿಸ್ತಿತ್ತಲ್ಲ, ಹೊಲಿಗೆ ಮಿಷನ್ ತುಳ್ದಂಗೆ!"

ದ್ಯಾವಯ್ಯ ಕೈಗಡಿಯಾರ ಬಿಚ್ಚಿ ಎಡಗಿವಿಗೆ ಹಿಡಿದ. ಬಲಗಿವಿಗೆ ಹಿಡಿದ. ಕಣ್ಣೆದುರು ತಂದು ನೋಡಿದ. ಸೆಕೆಂಡಿನ ಮುಳ್ಳು ಸುತ್ತುತ್ತಲೇ ಇತ್ತು.

ಅವನು ಊಟ ಮಾಡಲಿಲ್ಲ. ಹೊರಡುತ್ತಿದ್ದ ಮೈಸೂರು ಬಸ್ಸಿಗೆ ಓಡಿ ಹತ್ತಿದ. ಕಿಟಕಿಯಿಂದ ರಸ್ತೆಯನ್ನೇ ನೋಡುತ್ತಾ ನಿಂತ. ಕಾರು ಕಾಣಿಸದಿರಲಿ, ಮನೆ ಸೇರಿರಲಿ ಅಂದುಕೊಂಡ.

ಜಕ್ಕನಹಳ್ಳಿ ದಾಟಿ ಸ್ವಲ್ಪ ದೂರದಲ್ಲಿ ಅದು ಬಾನೆಟ್ ತೆರೆದುಕೊಂಡು ರಸ್ತೆಯ ಪಕ್ಕ ನಿಂತಿತ್ತು. ಬಸ್ಸು ನಿಲ್ಲಿಸಿಕೊಂಡು ಇಳಿದವನೇ ಕಾರಿನ ಮುಂದೆ ಹ್ಯಾಂಡಲ್ ಹಾಕಿ ಬಲವಾಗಿ ತಿರುವಿದ. ಅಲ್ಲಾಡಲಿಲ್ಲ. ಆಯಿಲ್ ಕಾಣದೆ ಕಾದು, ಎಂಜಿನ್ನು ಒಳಗೇ ಕಚ್ಚಿಕೊಂಡಿತ್ತು.

ಹೊಂಗೆಮರದ ನೆರಳಿನಲ್ಲಿದ್ದ ಅಂದಾನಯ್ಯ ಹತ್ತಿರ ಬಂದರು. "ದಾರೀಲಿ ಪಂಪು ಕೈಕೊಟ್ಟಿರ್ಬೇಕು, ಅಲ್ವೇನಯ್ಯ? ನೀನು ನೋಡ್ದಾಗ ಚೆನ್ನಾಗೇ ಇತ್ತು."

ಹೂಂ ಅಂದಿದ್ದರೆ ಸಾಕಿತ್ತು. ದ್ಯಾವಯ್ಯನ ಬಾಯಿಗೆ ಆ ಮಾತು ಬಂದೂ ಇತ್ತು.

"ಇಲ್ಲ ಯಜಮಾನ್ರೆ. ಆಗ್ಲೇ ಕೆಟ್ಟಿತ್ತು. ಸದ್ದು ನಂಗೆ ಕೇಳಿಸ್ಲಿಲ್ಲ. ನನ್ನ ಕಿವಿ ಹೋಗೈತೆ."

ಚಿಕ್ಕಸ್ವಾಮಿ ತಲೆ ತಗ್ಗಿಸಿದ. "ನಂಗೆ ಕೇಳಿಸ್ತಿತ್ತು ಕಣಣ್ಣ. ನಿಮ್ಮ ಕಿವಿ ಮುಂದೆ ನಂದೇನು ಅಂತ ಸುಮ್ಕಾದೆ."

ಅಂದಾನಯ್ಯ ಬೈಯಲಿಲ್ಲ. "ಕೇಳಿಸ್ದೇ ಇದ್ದೋನು ಧೈರ್ಯವಾಗಿ ಹೋಗಿ ಅಂತ ಯಾಕಂದೆ?" ಎಂದು ಮಾತ್ರ ಕೇಳಿದರು. ದ್ಯಾವಯ್ಯ ಹ್ಯಾಂಡಲ್ ಕಳಚಿ ಚಿಕ್ಕಸ್ವಾಮಿಯ ಕೈಗೆ ಕೊಟ್ಟ. ಆ ದಾರಿಯಲ್ಲಿ ಬಂದ ಟ್ರಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಎಳೆಸಿಕೊಂಡು ಹೋದರು. ನೀನೂ ಬಾ ಅಂತ ಯಾರೂ ಕರೆಯಲಿಲ್ಲ. ಅವನು ಬಿಸಿಲಿನಲ್ಲಿ ಜಕ್ಕನಹಳ್ಳಿಗೆ ವಾಪಸ್ಸು ನಡೆದ.

ಮನೆಗೆ ಬಂದು ಹೇಳಿದಾಗ ಮಂಗಳಮ್ಮ ಬೆರಗಾಗಲಿಲ್ಲ.

"ಎರಡು ವರ್ಷದಿಂದ ನಿಮ್ಮ ಹತ್ರ ಕೂಗಿ ಕೂಗೇ ಮಾತಾಡ್ತಿವ್ನಿ."

"ಹೇಳ್ಬಾರ್ದಾಗಿತ್ತಾ?"

"ಊರೆಲ್ಲ ನಿಮ್ಮ ಕಿವಿ ಹೊಗಳ್ತಿತ್ತು. ನಾನು ಏನಂತ ಹೇಳ್ಲಿ?" ಅವಳ ಕಣ್ಣು ತುಂಬಿತು. "ಮಿಷನ್ ಸದ್ದು ಮಾತ್ರ ಕೇಳಿಸ್ತದೇನೋ ಅಂದ್ಕಂಡಿದ್ದೆ."

ಎರಡು ವರ್ಷ ಎಂಬ ಮಾತು ದ್ಯಾವಯ್ಯನನ್ನು ಹಿಡಿದುಕೊಂಡಿತು. ಆ ಎರಡು ವರ್ಷದಲ್ಲಿ ಕಿವಿ ಇಟ್ಟು, ಏನೂ ಆಗಿಲ್ಲ ಹೋಗಿ ಎಂದು ಕಳಿಸಿದ ಗಾಡಿಗಳು ಒಂದೊಂದೇ ನೆನಪಾದವು. ಕೆ.ಆರ್. ಪೇಟೆಯ ಲಾರಿ. ಬೆಳಗೊಳದವರ ಜೀಪು. ಬಿಂಡಿಗನವಿಲೆಯಿಂದ ದಿನಾ ಜನ ತುಂಬಿಕೊಂಡು ಬರುವ ಮರಿಯಯ್ಯನ ವ್ಯಾನು. ಹೋದ ತಿಂಗಳಷ್ಟೇ ಅದರ ಚಕ್ರದ ಬೇರಿಂಗಿಗೆ ಕಿವಿ ಕೊಟ್ಟು ಒಳ್ಳೇದೈತೆ ಅಂದಿದ್ದ.

ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಪಾನಾ, ಜಾಕಿ, ಗ್ರೀಸಿನ ಡಬ್ಬ ಚೀಲಕ್ಕೆ ತುಂಬಿಕೊಂಡು ಬಿಂಡಿಗನವಿಲೆಯ ಮೊದಲ ಬಸ್ಸು ಹತ್ತಿದ. ಮಂಗಳಮ್ಮ ಪಕ್ಕದ ಸೀಟಿನಲ್ಲಿ ಬಂದು ಕೂತು, "ಸದ್ದು ನಾನು ಕೇಳಿ ಹೇಳ್ತೀನಿ" ಎಂದಳು.