ಹಗೇವಿನೊಳಗಿನ ಮರಿ

ನರಿಯನ್ನು ಹೊಡೆಯಬೇಕೋ ಬಿಡಬೇಕೋ ಎಂದು ನನ್ನ ಮುಂದೆ ಯಾರೂ ವಾದ ಮಾಡಬೇಡಿ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುವವರಿಗೆ ಅದು ಹೊತ್ತು ಕಳೆಯುವ ಮಾತು. ನನ್ನ ಗಂಡ ಗವಿಸಿದ್ದಪ್ಪ ಸತ್ತದ್ದೇ ಆ ಮಾತಿನಿಂದ. ಹೊಡೆಯಿರಿ ಎಂದು ಕುಣಿದವನೂ ಅವನೇ, ಕಡೆಗೆ ಉಳಿಸಲು ಹೋದವನೂ ಅವನೇ. ಎರಡರಲ್ಲಿ ಯಾವುದು ಸರಿ ಎಂದು ನಾನು ಹೇಳಲಿ? ಊರವರು ಮಾತ್ರ ಇಂದಿಗೂ ನನ್ನನ್ನೇ ಕೇಳುತ್ತಾರೆ. ಗಂಡನನ್ನು ಕಳಕೊಂಡವಳಿಗೆ ಬುದ್ಧಿ ಹೆಚ್ಚು ಬಂದಿರುತ್ತದೆ ಎಂದು ತಿಳಿದಿದ್ದಾರೋ ಏನೋ, ಹಾಳಾದವರು.

ನಮ್ಮದು ಪುರ್ತಗೇರಿ. ಕುರಿಯವರ ಮನೆ. ಗಂಡ, ಮೈದುನ ಕರೆಪ್ಪ, ನಾನು, ಮೂರೇ ಜನ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಅವರಿವರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುವುದು, ಅವರು ಅಳೆದ ಜೋಳ ತಂದು ಉಣ್ಣುವುದು. ನಮ್ಮ ಸೀಮೆ ಮುಂಬಯಿ ಸರಕಾರದಲ್ಲಿದ್ದ ಕಡೆಯ ವರ್ಷ, ಶಿವರಾತ್ರಿಯ ಸುಮಾರಿಗೆ, ಸಾವುಕಾರ ಅಂದಾನೆಪ್ಪನವರ ಹೊಲದಲ್ಲಿ ನಮ್ಮ ಹಟ್ಟಿ ಬಿದ್ದಿತ್ತು. ಹೊಲದ ತುದಿಗೆ ಹಾಳೂರಿನ ದಿಬ್ಬ. ಎಂದೋ ಪ್ಲೇಗು ಬಂದು ಜನ ಬಿಟ್ಟುಹೋದ ಊರು ಅದು. ಮನೆಗಳೆಲ್ಲ ಮಣ್ಣಾಗಿದ್ದವು, ಕಾಳು ತುಂಬಲು ನೆಲದೊಳಗೆ ತೋಡಿದ ಹಗೇವುಗಳು ಮಾತ್ರ ಉಳಿದಿದ್ದವು. ಹಗೇವಿನ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಕೋಣೆಯಷ್ಟು. ಅಂಥದೊಂದರ ಮಗ್ಗುಲಿಗೆ ಬಿಲ ಕೊರೆದು ನರಿ ಸಂಸಾರ ಹೂಡಿತ್ತು.

ಒಂದು ಕುರಿಮರಿ ಹೋಯಿತು. ನಾಯಿಯ ಕೆಲಸ ಅಂದುಕೊಂಡೆವು. ಆಮೇಲೆ ಕೆಂದ ಕುರಿಯ ಚೊಚ್ಚಲ ಮರಿ ಹೋಯಿತು. ಹುಟ್ಟಿದಾಗ ಅದಕ್ಕೆ ಉಸಿರೇ ಇರಲಿಲ್ಲ, ಗವಿಸಿದ್ದಪ್ಪ ಮೂಗಿಗೆ ಬಾಯಿ ಹಚ್ಚಿ ಊದಿ, ಕಂಬಳಿಯೊಳಗೆ ಎದೆಗವಚಿಕೊಂಡು ಬದುಕಿಸಿದ್ದ. ದಿಬ್ಬದ ಬುಡದಲ್ಲಿ ಅದರ ಒಂದು ಕಾಲು ಸಿಕ್ಕಿತು. ಕೆಂದ ಕುರಿ ಕೆಚ್ಚಲು ಬಿಗಿದುಕೊಂಡು ಒದರುತ್ತ ಹಟ್ಟಿ ಸುತ್ತುವುದನ್ನು ನೋಡಿ ಅವನ ತಲೆ ಕೆಟ್ಟುಹೋಯಿತು.

"ಸಾವುಕಾರ್ರ ಬಂದೂಕ ತರಿಸ್ತೀನಿ. ಒಂದ್ ನರಿನೂ ಉಳೀಬಾರ್ದು," ಅಂದ.

"ಈಗ ಬ್ಯಾಡ್ರಿ," ಅಂದೆ ನಾನು. "ಇದು ಮರಿ ಹಾಕೋ ಕಾಲ. ಬಿಲದಾಗ ಮರಿ ಇರ್ತಾವ. ನಾವ ಹಟ್ಟಿ ಕಿತ್ತು ಆ ಕಡಿ ಹೊಲಕ್ಕ ಹೋದ್ರ ಆತು."

"ಯಾಕ, ನರಿ ಬಾಣಂತನ ಮಾಡಾಕ ನೀ ಹೊಂಟೀ ಏನು?"

"ನರಿ ಇಲ್ಲಂದ್ರ ಇಲಿ ಹೊಲಾ ಹೊಗತಾವ ಅಂತ ಸಾವುಕಾರ್ರೂ ಅಂತಾರ."

"ಇಲಿ ತಿನ್ನೂದು ಅವರ ಜೋಳಾ. ನರಿ ತಿನ್ನೂದು ನನ್ನ ಮರಿ. ಅವರಿಗೇನ ಗೊತ್ತ ನನ್ನ ಸಂಕಟ?"

ಅವನು ಹೇಳಿದ್ದು ಖರೇನೇ ಇತ್ತು.

ಸಾವುಕಾರರಿಗೆ ಮನಸ್ಸಿರಲಿಲ್ಲ, ಆದರೂ ಬಂದರು. ಅವರ ಬಂದೂಕು ಹಿಡಿಯುವವ ಮಲಿಕಸಾಬ. ಗಜೇಂದ್ರಗಡದ ಗುಡ್ಡದಲ್ಲಿ ಓಡುವ ಮೊಲವನ್ನು ಬೀಳಿಸಿದವ ಎಂದು ಅವನ ಹೆಸರು. ಬುತ್ತಿ ಹೊತ್ತು ನಾನು ಹೊಲ ಮುಟ್ಟುವಷ್ಟರಲ್ಲಿ ಬಿಲದ ಬಾಯಿಗೆ ಹೊಟ್ಟು, ಒಣಮೆಣಸಿನಕಾಯಿ ತುರುಕಿ ಉರಿ ಹಚ್ಚಿದ್ದರು. ಗವಿಸಿದ್ದಪ್ಪ ಮೊಣಕಾಲೂರಿ ಕೂತು ಟವೆಲ್ಲಿನಿಂದ ಹೊಗೆಯನ್ನು ಒಳಕ್ಕೆ ಬೀಸುತ್ತಿದ್ದ. ಬಿಲ ಹಗೇವಿನ ಹೊಟ್ಟೆಗೇ ಕೂಡಿತ್ತು, ಹೊಗೆಯೆಲ್ಲ ಅಲ್ಲಿ ತುಂಬಿತು. ಸ್ವಲ್ಪ ಹೊತ್ತಿಗೆ ನರಿ ಹೊರಬಿತ್ತು. ಮಲಿಕಸಾಬ ಒಂದೇ ಗುಂಡಿಗೆ ಕೆಡವಿದ.

ಗವಿಸಿದ್ದಪ್ಪ ನಗುತ್ತ ಹೋಗಿ ಅದನ್ನು ಕಾಲಿನಿಂದ ಹೊರಳಿಸಿದ. ಹೊರಳಿಸಿದವನ ನಗು ಅಲ್ಲೇ ನಿಂತಿತು. ನರಿಯ ಮೊಲೆಗಳು ತುಂಬಿದ್ದವು, ಸುತ್ತಲಿನ ಕೂದಲು ಮರಿಗಳು ಚೀಪಿ ಚೀಪಿ ಒದ್ದೆಯಾಗಿತ್ತು. ಹುಟ್ಟಿದಾಗಿನಿಂದ ಕುರಿಯ ಕೆಚ್ಚಲು ಮುಟ್ಟಿ ಬೆಳೆದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಗ ಕಾಲ ಕೆಳಗಿನ ನೆಲದೊಳಗಿಂದ ಕುಂಯ್ ಕುಂಯ್ ಎಂಬ ಅಳು ಕೇಳಿತು.

"ಮರಿ ಅದಾವ," ಅಂದ. ನಾನು ಅಂದಾಗ ನಗಾಡಿದ ಅದೇ ಬಾಯಿಂದ ಅಂದ.

"ಇರ್ಲಿ ಬಿಡೋ," ಅಂದರು ಸಾವುಕಾರರು. "ತಾಯಿ ಹೋದ ಮ್ಯಾಲ ತಾವ ಸಾಯ್ತಾವ."

ಅವನು ಕೇಳಿಸಿಕೊಳ್ಳಲಿಲ್ಲ. ಹಗೇವಿನ ಬಾಯಿ ಮುಚ್ಚಿದ್ದ ಕಲ್ಲಿನ ಮೇಲಿನ ಮಣ್ಣನ್ನು ಎರಡೂ ಕೈಯಿಂದ ಬಗೆದು, ಕರೆಪ್ಪನನ್ನು ಕರೆದು ಕಲ್ಲು ಸರಿಸಿದ. ಹೊಗೆ ಭುಸ್ಸೆಂದು ಮೇಲೆ ಬಂತು. ಹಗೇವು ತೆರೆದರೆ ಗಾಳಿಯಾಡಲು ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಆರದಿದ್ದರಷ್ಟೇ ಮನುಷ್ಯ ಇಳಿಯಬೇಕು. ನಮ್ಮ ಕಡೆ ಇದು ಮೊಲೆ ಬಿಟ್ಟ ಕೂಸಿಗೂ ಗೊತ್ತು, ಅವನಿಗೂ ಗೊತ್ತಿತ್ತು. ಆದರೆ ಸುಡುವ ಹಗಲಲ್ಲಿ ಹೊಲಕ್ಕೆ ಕಂದೀಲು ಯಾರು ತರುತ್ತಾರೆ?

"ತಡಿಯಪಾ, ಊರಿಗೆ ಹೋಗಿ ಕಂದೀಲಾ ತರ್ತೀನಿ," ಎಂದ ಮಲಿಕಸಾಬ.

"ನೀ ಬರೂತನಾ ಅವು ಇರ್ತಾವೇನು? ದನಿ ಹ್ಯಾಂಗ ಸಣ್ಣಾಗಾಕತ್ತೈತಿ ಕೇಳಿಲ್ಲೆ."

"ನಿಮಗೇನ್ ಹುಚ್ಚ ಹಿಡದೈತೇನ್ರಿ!" ಎಂದು ನಾನು ಚೀರಿದೆ. "ನರಿ ಸಲುವಾಗಿ ಜೀವಾ ಕೊಡ್ತೀರೇನು?"

"ಜೀವಾ ಯಾಕ ಕೊಡ್ಲಿ? ಹಿಂಗ ಇಳದು ಹಾಂಗ ಬಂದೆ. ನಡಕ್ಕ ಹಗ್ಗ ಐತಿ, ಕರೆಪ್ಪ ಹಿಡದಾನ. ನೀ ಬುತ್ತಿ ಬಿಚ್ಚು, ಹಸಿವಿ ಆಗೇತಿ."

ಅವನು ನನ್ನೊಡನೆ ಆಡಿದ ಕಡೆಯ ಮಾತು ಅದೇ. ಕಂಬಳಿ ಹೆಗಲಿಗೆ ಹಾಕಿಕೊಂಡು, ಟವೆಲ್ಲು ಮೂಗಿಗೆ ಕಟ್ಟಿಕೊಂಡು ಇಳಿದ. ಒಳಗೆ ಕೆಮ್ಮಿದ್ದು ಕೇಳಿತು. ಮತ್ತೆ ಕೆಮ್ಮಿದ. "ಜಗ್ಗೋ ಕರೆಪ್ಪಾ," ಎಂಬ ದನಿ ಬಂತು. ಕರೆಪ್ಪ ಕಾಲು ಊರಿ, ಅಣ್ಣನ ಭಾರಕ್ಕೆ ತಕ್ಕಂತೆ ಬಲ ಹಾಕಿ ಜಗ್ಗಿದವನು ಹಿಂದಕ್ಕೆ ಬಿದ್ದ. ಹಗ್ಗ ಅಷ್ಟು ಹಗುರವಾಗಿ ಬಂತು. ತುದಿಗೆ ಕಂಬಳಿಯ ಗಂಟಿತ್ತು. ತನ್ನ ನಡುವಿನಿಂದ ಬಿಚ್ಚಿ ಅದಕ್ಕೆ ಕಟ್ಟಿದ್ದ.

ಗಂಟು ಬಿಚ್ಚಿ ಹಗ್ಗ ಮತ್ತೆ ಬಿಟ್ಟೆವು. ಹಿಡಿಯಲಿಲ್ಲ. ಕೂಗಿದೆವು. ನನ್ನ ಗಂಟಲು ಹರಿಯುವ ಹಾಗೆ ಕೂಗಿದೆ. ಕರೆಪ್ಪ ಹಾರಿಕೊಳ್ಳಲು ಹೋದಾಗ ಸಾವುಕಾರರೂ ಮಲಿಕಸಾಬನೂ ಅವನನ್ನು ನೆಲಕ್ಕೆ ಕೆಡವಿ ಹಿಡಿದರು. ಹಿಡಿಯದಿದ್ದರೆ ಅವನೂ ಹೋಗುತ್ತಿದ್ದ. ಹೊಗೆ ತೆಳುವಾಗಿ, ಊರಿಂದ ತಂದ ಕಂದೀಲು ಕೆಳಗೆ ಆರದೆ ನಿಲ್ಲುವ ಹೊತ್ತಿಗೆ ಬುತ್ತಿಯ ರೊಟ್ಟಿ ಬಿಸಿಲಿಗೆ ಒಣಗಿ ಸೆಟೆದುಕೊಂಡಿತ್ತು. ಗವಿಸಿದ್ದಪ್ಪನನ್ನು ಮೇಲೆತ್ತಿದಾಗ ಅವನ ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ.

ಕಂಬಳಿಯಲ್ಲಿ ಮೂರು ಮರಿ ಇದ್ದವು. ಎರಡು ಸತ್ತಿದ್ದವು. ಒಂದು ಬಾಯಿ ಬಾಯಿ ಬಿಡುತ್ತಿತ್ತು. ಕರೆಪ್ಪ ಅದರ ಹಿಂಗಾಲು ಹಿಡಿದು ಕಲ್ಲಿಗೆ ಅಪ್ಪಳಿಸಲು ಕೈ ಎತ್ತಿದ. ನಾನು ಆ ಕೈಗೆ ಜೋತುಬಿದ್ದೆ.

"ಬಿಡ ಅತ್ತಿಗೆವ್ವಾ! ನಮ್ಮಣ್ಣನ್ನ ತಿಂದೈತಿ ಇದು!"

"ಇದನ್ನೂ ಕೊಂದ್ರ ನಿಮ್ಮಣ್ಣ ಯಾತಕ್ಕ ಸತ್ತ? ಹೇಳು! ಹೇಳೋ ನನಗ!"

ಅವನು ಮರಿಯನ್ನು ನನ್ನ ಉಡಿಗೆ ಹಾಕಿ ಬೋರಾಡಿ ಅತ್ತ.

ಆ ನರಿಮರಿ ಬದುಕಿದ್ದು ಕೆಂದ ಕುರಿಯ ಹಾಲಿನಿಂದ. ಅದರ ತಾಯಿ ತಿಂದ ಮರಿಯ ಪಾಲಿನ ಹಾಲು. ಹಿಂಡುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು, ಕುಡಿಸುವಾಗ ತಣ್ಣಗಾಗುತ್ತಿತ್ತು. ಅದಕ್ಕೆ ಹೆಸರು ಇಡಲಿಲ್ಲ, ಬಾಯಿ ಬರಲಿಲ್ಲ. ಗವಿಸಿದ್ದಪ್ಪನ ಕೆಂಪು ರುಮಾಲಿನ ಚೂರು ಹರಿದು ಕುತ್ತಿಗೆಗೆ ಕಟ್ಟಿದೆ, ಯಾರೂ ಹೊಡೆಯದಿರಲಿ ಎಂದು. ತಬ್ಬಲಿ ಕುರಿಮರಿಗಳಿಗೆ ಹಾಲಿಡುವಾಗ ಕರೆಪ್ಪ ಮರಿಯ ಹಾಗೇ 'ಮ್ಯಾ' ಎಂದು ಒದರಿ ಕರೆಯುತ್ತಿದ್ದ, ಅವುಗಳ ಜೊತೆಗೆ ಇದೂ ಓಡಿ ಬರುತ್ತಿತ್ತು. ಮೊದಮೊದಲು ಕರೆಪ್ಪ ಅದರ ಕಡೆ ನೋಡುತ್ತಿರಲಿಲ್ಲ. ಪಂಚಮಿ ಹೊತ್ತಿಗೆ ತನ್ನ ರೊಟ್ಟಿಯ ಚೂರನ್ನು ಅದಕ್ಕೆ ಹಾಕಿಯೇ ಉಣ್ಣುತ್ತಿದ್ದ. "ಲೇ ಕಳ್ಳಾ, ನಿಮ್ಮವ್ವನ ಬುದ್ಧಿ ಕಲೀಬ್ಯಾಡ ನೋಡು," ಎಂದು ಅದರ ಕಿವಿ ಹಿಂಡುತ್ತಿದ್ದ. ಮನೆಯಲ್ಲಿ ಮತ್ತೆ ನಗು ಕೇಳಿದ್ದು ಆಗಲೇ. ಸಾವುಕಾರರೂ ಬಂದೂಕನ್ನು ಗೋಡೆಗೆ ತೂಗುಹಾಕಿದ್ದರು. ಊರ ಸೀಮೆಯಲ್ಲಿ ನರಿ ಹೊಡೆಯಕೂಡದೆಂದು ಅವರೇ ಸಾರಿದ್ದರು.

ಹೊಡೆಯದೆ ಬಿಟ್ಟ ನರಿಗಳು ಪುಣ್ಯವಂತರ ಊರು ಎಂದು ನಮಸ್ಕಾರ ಮಾಡಿ ಹೋಗುತ್ತವೆಯೇ? ದೀಪಾವಳಿ ಕಳೆದು ಕುರಿ ಈಯತೊಡಗಿದವು, ಮರಿಗಳು ಒಂದೊಂದೇ ಹೋಗತೊಡಗಿದವು. ಕೆಂದ ಕುರಿಯ ಎರಡನೆಯ ಮರಿಯೂ ಹೋಯಿತು. ನಮಗಿದ್ದ ಆಸರೆ ಆ ಕುರಿಗಳಷ್ಟೇ. ಕರೆಪ್ಪ ನನ್ನ ಮುಂದೆ ಬಂದು ತಲೆ ತಗ್ಗಿಸಿ ಕೂತ.

"ಅತ್ತಿಗೆವ್ವಾ, ಸಾವುಕಾರ್ರು ನಿನ್ನ ಮಾತಿಗೆ ನಿಂತಾರ. ನೀ ಹೂಂ ಅಂದ್ರ ಬಂದೂಕ ಕೊಡ್ತಾರಂತ. ಹೊಡಿಯೂಣೋ, ಬಿಡೂಣೋ?"

ಯಾರ ಮುಖ ನೋಡಲಿ ನಾನು? ಹೋದವನ ಮುಖವೋ, ಇದ್ದವನ ಮುಖವೋ?

"ಹೊಡೀರಿ," ಅಂದೆ. "ನಮ್ಮದೊಂದು ಬಿಟ್ಟು."

ಅಂದು ಮಧ್ಯಾಹ್ನವೇ ನಮ್ಮದನ್ನು ಹಿತ್ತಲ ಗೂಟಕ್ಕೆ ಕಟ್ಟಿಹಾಕಿದೆ. ಸಂಜೆ ಕರೆಪ್ಪನೂ ಮಲಿಕಸಾಬನೂ ಊರಂಚಿನ ಜೋಳದ ಹೊಲದ ಬದುವಿನಲ್ಲಿ ಅಡಗಿ ಕೂತರು. ನರಿಯನ್ನು ಹತ್ತಿರಕ್ಕೆ ಎಳೆಯಲು ತಾಯಿ ತಪ್ಪಿದ ಕುರಿಮರಿಯ ಹಾಗೆ ಒದರಬೇಕು, ಬೇಟೆಯ ರೀತಿಯೇ ಹಾಗೆ. ಒದರಿದವನು ಕರೆಪ್ಪ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನನಗೂ ಕೇಳಿಸಿತು, 'ಮ್ಯಾ' ಎಂದು. ಹಿತ್ತಿಲಿಗೆ ಓಡಿದೆ. ಗೂಟದಲ್ಲಿ ಕಡಿದ ಹಗ್ಗವಿತ್ತು.

"ಕರೆಪ್ಪಾ, ಹೊಡೀಬ್ಯಾಡ್ರೋ!" ಎಂದು ಕೂಗುತ್ತ ಹೊಲದ ಕಡೆಗೆ ಓಡಿದೆ. ಊರ ಅಗಸಿ ಬಾಗಿಲು ದಾಟಿರಲಿಲ್ಲ, ಗುಂಡಿನ ಸಪ್ಪಳ ಬಂತು.

ಅಡವಿಯ ನರಿ ಒಂದೂ ಅತ್ತ ಸುಳಿದಿರಲಿಲ್ಲವಂತೆ. ಮನುಷ್ಯರ ವಾಸನೆಗೆ ಅವು ದೂರದಿಂದಲೇ ಕಂಬಿ ಕಿತ್ತಿದ್ದವು. ಅಂಜದೆ ನೇರ ಬಂದದ್ದು ಒಂದೇ. ಎದೆಮಟ್ಟ ಬೆಳೆದ ಜೋಳದಲ್ಲಿ ಕುತ್ತಿಗೆಯ ಬಟ್ಟೆ ಕಾಣಲಿಲ್ಲ ಎಂದು ಮಲಿಕಸಾಬ ಬಂದೂಕನ್ನು ನೆಲಕ್ಕೆಸೆದು ಹಣೆ ಹಣೆ ಬಡಕೊಂಡ. ಅವನನ್ನು ಬೈದು ಏನು ಮಾಡಲಿ? ಕರೆಪ್ಪ ಅಣ್ಣನ ಕಂಬಳಿಯಲ್ಲಿ ಅದನ್ನು ಸುತ್ತಿಕೊಂಡು ಬಂದ. "ಹಾಲಿಗೆ ಬಂದಿತ್ತ ಅತ್ತಿಗೆವ್ವಾ, ನಾ ಕರದೆ ಅಂತ ಬಂದಿತ್ತ," ಅಂದ. ಗಂಟನ್ನು ನಾನು ಕೈಗೆ ತಕ್ಕೊಂಡೆ. ಹಗೇವಿನಿಂದ ಬಂದಾಗ ಇದ್ದಷ್ಟೇ ಹಗುರ ಅನಿಸಿತು.

ಇದಕ್ಕಾಗಿ ಅವನು ಹಗ್ಗ ಬಿಚ್ಚಿ ಕೊಟ್ಟ. ಇಷ್ಟಕ್ಕಾಗಿ.

ಮರುದಿನ ಬೆಳಿಗ್ಗೆ ಹಟ್ಟಿಯಲ್ಲಿ ಇನ್ನೊಂದು ಮರಿ ಇರಲಿಲ್ಲ. ಕರೆಪ್ಪ ಬಾಗಿಲಲ್ಲಿ ನಿಂತು, "ಈಗೇನ ಮಾಡೂಣು ಅತ್ತಿಗೆವ್ವಾ?" ಎಂದು ಕೇಳಿದ. ಊರವರು ಇವತ್ತಿಗೂ ಅದನ್ನೇ ಕೇಳುತ್ತಾರೆ.