ಮಡಚುವ ಗೋಡೆ

"ಏ ಕುರ್ಚೀ! ಏಳೇ ಮೇಲೆ! ನಿಮ್ಮಪ್ಪನ ಮನೆ ಸೋಫಾನಾ ಅದು? ಅಂಡಿಗೆ ಮೆತ್ತಗೆ ಬೇಕಾಯ್ತಾ ಲೌಡಿಗೆ?"

ಅವಳು ಕೂತಿರಲೇ ಇಲ್ಲ. ಬೆಳಗ್ಗಿಂದ ಮುನ್ನೂರು ಕುರ್ಚಿ ಹಾಕಿ, ಕೊನೆಯದರ ಬೆನ್ನಿಗೆ ಸೊಂಟ ಆನಿಸಿ ಎರಡು ಉಸಿರು ಎಳೆದುಕೊಂಡಿದ್ದಳು, ಅಷ್ಟೆ. ಆದರೆ ಟೈಯಪ್ಪನ ಕಣ್ಣಿಗೆ ಆನಿಸುವುದೂ ಒಂದೇ, ಕೂರುವುದೂ ಒಂದೇ. ಟೈಯಪ್ಪ ಎಂದರೆ ಆ ಹೋಟೆಲಿನ ಸಭಾಂಗಣದ ಮ್ಯಾನೇಜರು. ಸೆಖೆಯಿರಲಿ ಚಳಿಯಿರಲಿ, ಕೊರಳಿನ ಟೈ ಬಿಚ್ಚದ ಆಸಾಮಿ. ಆ ಹೆಸರು ಕೆಲಸದವರು ಇಟ್ಟದ್ದು. ಅವಳಿಗೆ 'ಕುರ್ಚಿ' ಎಂದು ಹೆಸರಿಟ್ಟವನು ಅವನು.

ಹನ್ನೊಂದು ವರ್ಷದಿಂದ ಕುರ್ಚಿ ಹಾಕುವುದು, ಮೇಜಿಗೆ ಬಿಳಿ ಬಟ್ಟೆ ಹೊದಿಸುವುದು, ಸಭೆ ಮುಗಿದ ಮೇಲೆ ಎಲ್ಲವನ್ನೂ ಎತ್ತಿಡುವುದು ಅವಳ ಕೆಲಸ. ಇಷ್ಟು ವರ್ಷದಲ್ಲಿ ಅಲ್ಲಿನ ಒಂದು ಕುರ್ಚಿಯಲ್ಲೂ ಒಂದು ಗಳಿಗೆ ಕೂತವಳಲ್ಲ. ಜೊತೆಯವಳೊಬ್ಬಳು ಹೋದ ವರ್ಷ ತಲೆ ಸುತ್ತಿ ಕೂತುಬಿಟ್ಟಿದ್ದಳು. ಅವಳನ್ನು ಅಂದೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು.

"ದೊಡ್ಡ ಸಾಹೇಬ್ರು ಹಾಲ್ ನೋಡೋಕೆ ಬರ್ತಿದಾರೆ. ಗೋಡೆಗೆ ಅಂಟ್ಕೊಂಡು ನಿಂತಿರು. ಕರೆದ್ರೆ ಬಾ. ಬಾಯಿ ಬಿಟ್ಟೀಯೆ, ಜೋಕೆ!"

ಸಾಹೇಬರು ಬಂದರು. ಹಿಂದೆಯೇ ಅವರ ಗುಮಾಸ್ತ, ಕಂಕುಳಲ್ಲಿ ಕಡತ ಅವುಚಿಕೊಂಡು. ಸರ್ಕಾರದ ಒಂದು ಸಭೆಗೆಂದು ಅವರು ನೋಡುತ್ತಿದ್ದ ನಾಲ್ಕನೆಯ ಹೋಟೆಲು ಇದು. ಮೊದಲನೆಯದು ಬಸ್ ನಿಲ್ದಾಣಕ್ಕೆ ತೀರಾ ಹತ್ತಿರವಾಯಿತಂತೆ, ಬೇಡ. ಎರಡನೆಯದಕ್ಕೆ ಕಾಂಪೌಂಡು ಗಿಡ್ಡ, ಬೇಡ. ಮೂರನೆಯದರ ಬಾಗಿಲು ನೇರ ರಸ್ತೆಗೆ ತೆರೆಯುತ್ತಿತ್ತು, ಅದಂತೂ ಬೇಡವೇ ಬೇಡ. ಗುಮಾಸ್ತ ಇದನ್ನೆಲ್ಲ ಟೈಯಪ್ಪನಿಗೆ ಹೇಳುವಾಗ ಅವಳಿಗೆ ವಿಚಿತ್ರವೆನಿಸಿತು. ಹಾಲ್ ನೋಡಲು ಬರುವವರು ಜನ ಬರುವುದಕ್ಕೆ ಸುಲಭವಾ ಅಂತ ಕೇಳುತ್ತಾರೆ. ಈ ಪುಣ್ಯಾತ್ಮರ ವರಸೆಯೇ ಬೇರೆ.

"ಬಸ್ ಎಲ್ಲೀವರೆಗೆ ಬರುತ್ತೆ?" ಸಾಹೇಬರು ಕೇಳಿದರು.

"ದೊಡ್ಡ ರಸ್ತೆವರೆಗೆ ಸಾರ್. ಅಲ್ಲಿಂದ ಎರಡು ಮೈಲಿ ನಡೀಬೇಕು. ಆದ್ರೆ ನಮ್ಮಲ್ಲಿಗೆ ಬರೋರೆಲ್ಲ ಕಾರಲ್ಲೇ..."

"ಚೆನ್ನಾಗಿದೆ. ಗೇಟಲ್ಲಿ?"

"ನಾಲ್ಕು ಜನ ಕಾವಲಿದಾರೆ ಸಾರ್. ಹವಾಯಿ ಚಪ್ಪಲಿ ಹಾಕ್ಕೊಂಡು ಬಂದೋರನ್ನ ಒಳಗೇ ಬಿಡಲ್ಲ. ಹೋಟೆಲ್ ರೂಲು."

"ತುಂಬಾ ಚೆನ್ನಾಗಿದೆ," ಎಂದರು ಸಾಹೇಬರು. ಒಂದು ಕುರ್ಚಿಯಲ್ಲಿ ಕೂತು ಮೇಲೆ ಕೆಳಗೆ ಕುಣಿದು ನೋಡಿದರು. "ಆದ್ರೆ ಇಷ್ಟು ದೊಡ್ಡ ಹಾಲ್ ಬೇಡ ಕಣ್ರೀ."

"ಅದಕ್ಕೇನಂತೆ ಸಾರ್, ಮಡಚೋ ಗೋಡೆ ಇದೆ. ಏ ಕುರ್ಚೀ, ಎಳೆದು ತೋರ್ಸು!"

ಆ ಗೋಡೆಯ ಮರ್ಮ ಗೊತ್ತಿದ್ದದ್ದು ಅವಳೊಬ್ಬಳಿಗೇ. ಛಾವಣಿಯಲ್ಲಿ ಕಂಬಿ. ಅದಕ್ಕೆ ತೂಗುಬಿದ್ದ ಎರಡಾಳೆತ್ತರದ ಹನ್ನೆರಡು ಹಲಗೆ. ಮೂಲೆಯ ಗೂಡಿನಿಂದ ಒಂದೊಂದನ್ನೇ ಎಳೆದು ತಂದು ಸಾಲಾಗಿ ನಿಲ್ಲಿಸಿ, ಅಂಚಿನ ತೂತಿಗೆ ಕಬ್ಬಿಣದ ಹಿಡಿ ತೂರಿಸಿ ತಿರುಗಿಸಬೇಕು. ಆಗ ಹಲಗೆಯ ಕಾಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಇದ್ದ ಎರಡು ಹಿಡಿಗಳಲ್ಲಿ ಒಂದು ಕಳೆದು ಎರಡು ವರ್ಷವಾಗಿತ್ತು. ಟೈಯಪ್ಪ ಹೊಸದು ತರಿಸುತ್ತೇನೆ, ತರಿಸುತ್ತೇನೆ ಎನ್ನುತ್ತಲೇ ಇದ್ದ. ಉಳಿದ ಒಂದು ದಾರ ಕಟ್ಟಿಸಿಕೊಂಡು ಅವಳ ಸೊಂಟದಲ್ಲಿತ್ತು. ಹನ್ನೆರಡೂ ಹಲಗೆ ನಿಂತ ಮೇಲೆ ಈಚೆಗೆ ನಲವತ್ತು ಕುರ್ಚಿಯ ಅಚ್ಚುಕಟ್ಟಾದ ಕೋಣೆ. ಆಚೆಗೆ ಕತ್ತಲು.

ಗುಮಾಸ್ತ ಕೆಮ್ಮಿದ. "ಸಾರ್, ಇದು ಕೆರೆ ಅಭಿವೃದ್ಧಿ ಬಗ್ಗೆ ಜನರ ಅಹವಾಲು ಕೇಳೋ ಸಭೆ. ಕೆರೆ ದಂಡೆ ಮೇಲಿನ ಒಗೆಯೋ ಕಟ್ಟೆಯವರದ್ದೇ ಎಂಬತ್ತು ಮನೆ ಇದೆ. ನಲವತ್ತು ಕುರ್ಚಿ..."

"ಬಂದ್ರೆ ತಾನೇನ್ರೀ ಕುರ್ಚಿ? ಹೋದ್ಸಲ ಶಾಲೆ ಮೈದಾನದಲ್ಲಿಟ್ಟು ಏನಾಯ್ತು, ಮರೆತ್ರಾ? ಆರು ಗಂಟೆ ನನ್ನ ಅಲ್ಲಾಡೋಕೆ ಬಿಡ್ಲಿಲ್ಲ ಬೋಳಿಮಕ್ಕಳು. ಸಭೆ ಕರೀಬೇಕು ಅಂತ ಕಾನೂನಿದೆ, ಕರೀತೀವಿ. ನೋಟೀಸೂ ಅಂಟಿಸ್ತೀವಿ. ಗೇಟಲ್ಲಿ ಹೋಟೆಲ್‌ನೋರು ಬಿಡದಿದ್ರೆ ನಾನೇನ್ ಮಾಡ್ಲಿ? ಹನ್ನೊಂದು ಗಂಟೆ ಹೊಡೆದ ತಕ್ಷಣ 'ಆಕ್ಷೇಪಣೆ ಇರೋರು ಯಾರೂ ಹಾಜರಿಲ್ಲ' ಅಂತ ಬರ್ಕೊಳ್ಳಿ. ಊಟ ಮಾಡಿ ಎದ್ದೋಗೋಣ. ಮಾರನೇ ದಿನ ಯಂತ್ರ ಇಳಿಸಿದ್ರೆ ಕಟ್ಟೆ ನೆಲಸಮ. ಹಾವು ಸಾಯ್ಬೇಕು, ಕೋಲು ಮುರೀಬಾರ್ದು."

ನಗುತ್ತ ಕೈ ಬೀಸಿದ ಭರಕ್ಕೆ ಚಹಾದ ಬಟ್ಟಲು ಉರುಳಿತು. ಬಿಳಿ ಬಟ್ಟೆಯ ಮೇಲೆ ಕಂದು ಕಲೆ ಹರಡಿತು. ಟೈಯಪ್ಪ ಹೌಹಾರಿದ.

"ಅಯ್ಯೋ ಬಿಡ್ರೀ, ಒಗೆಯೋರು ಇರ್ತಾರಲ್ಲ," ಎಂದರು ಸಾಹೇಬರು.

ಆ ಒಗೆಯುವ ಕಟ್ಟೆ ಅವಳು ಮದುವೆಯಾಗಿ ಬಂದ ಮನೆ. ಅತ್ತೆ ನಲವತ್ತು ವರ್ಷ ಬಟ್ಟೆ ಬಡಿದು ನಡುವೆ ಗುಳಿ ಬೀಳಿಸಿದ ಕಲ್ಲು ಅಲ್ಲಿದೆ. ಗಂಡನ ಕಲ್ಲು ಅದರ ಪಕ್ಕದ್ದು. ಈ ಹೋಟೆಲಿನ ಪರದೆ, ಹಾಸಿಗೆ ಬಟ್ಟೆ, ಮೇಜಿನ ಬಟ್ಟೆ ಎಲ್ಲ ಹೋಗುವುದೂ ಅದೇ ಕಟ್ಟೆಗೆ. ನಡುವೆ ಗುತ್ತಿಗೆದಾರನೊಬ್ಬ ಇದ್ದುದರಿಂದ ಬಟ್ಟೆ ಎಲ್ಲಿ ಹೋಗಿ ಬೆಳ್ಳಗಾಗಿ ಬರುತ್ತದೆ ಎಂದು ಟೈಯಪ್ಪನಿಗೆ ಗೊತ್ತಿರಲಿಲ್ಲ. ಕುರ್ಚಿಯ ಮನೆ ಎಲ್ಲಿ ಎಂದು ಕೇಳುವ ದರ್ದೂ ಅವನಿಗೆ ಯಾವತ್ತೂ ಬಂದಿರಲಿಲ್ಲ.

ಅವಳು ಒದ್ದೆ ಬಟ್ಟೆಯನ್ನು ತೆಗೆದು ಸುರುಳಿ ಸುತ್ತಿದಳು. ಬಾಯಿ ಬಿಡಲಿಲ್ಲ.

*

ಆ ಸಂಜೆ ಕಟ್ಟೆಯಲ್ಲಿ ಅವಳು ಎಲ್ಲವನ್ನೂ ಹೇಳಿದಾಗ ಗಂಡಸರು ಗುಡುಗಿದರು. ಗಂಡ ಮಾತ್ರ, "ತಡಿ, ನಾನೇ ಹೋಟೆಲಿಗೆ ಹೋಗಿ, ಸಭೆಗೆ ಬಿಡ್ರೀ ಅಂತ ಮರ್ಯಾದೆಯಾಗಿ ಕೇಳ್ತೀನಿ. ಸಭೆ ನಮ್ಮದು ತಾನೆ?" ಎಂದ. ಮರುದಿನ ಒಗೆಯಲು ಬಂದಿದ್ದ ಯಾರದೋ ನೀಲಿ ಶರ್ಟಿಗೆ ಇಸ್ತ್ರಿ ಮಾಡಿ ತೊಟ್ಟು, ಸಾಲ ತಂದ ಬೂಟು ಮೆಟ್ಟಿ ಹೊರಟ. ಬಿಗಿಯಾದ ಬೂಟಿನಲ್ಲಿ ಎರಡು ಮೈಲಿ ನಡೆದು ಹೋದವನು ಮಧ್ಯಾಹ್ನದೊಳಗೆ ಅದನ್ನು ಕೈಯಲ್ಲಿ ಹಿಡಿದುಕೊಂಡು ವಾಪಸು ಬಂದ. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

"ಏನಾಯ್ತೋ?" ಅತ್ತೆ ಕೇಳಿದಳು.

"ಗೇಟಿನ ಕಾವಲಿನೋನು ಶರ್ಟು ನೋಡ್ದ, ಸಾರ್ ಅಂದ. ಬೂಟು ನೋಡ್ದ, ಬನ್ನಿ ಸಾರ್ ಅಂದ. ಆಮೇಲೆ ರಿಜಿಸ್ಟರಲ್ಲಿ ಸಹಿ ಹಾಕೋಕೆ ಪೆನ್ನು ಕೊಟ್ಟ ನೋಡವ್ವಾ, ಆಗ ನನ್ನ ಕೈ ಕಂಡ."

ಅವನು ಕೈ ಚಾಚಿದ. ಸೋಡಾ, ಬ್ಲೀಚಿಂಗ್ ಪುಡಿ ತಿಂದು ಬಿಳಿಚಿಕೊಂಡ ಬೆರಳು, ಅರ್ಧ ಕರಗಿದ ಉಗುರು. ಕಟ್ಟೆಯವರೆಲ್ಲರದೂ ಅದೇ ಕೈ.

"'ಶರ್ಟು ಯಾರ ಮನೇದೋ ಸೂಳೆಮಗನೇ, ಕೈ ಮಾತ್ರ ನಿಂದೇ ಅಲ್ವಾ' ಅಂದ. ನಾಲ್ಕೂ ಜನ ನಕ್ಕರು. ಕತ್ತು ಹಿಡಿದು ತಳ್ಳಿದ್ರು."

ಹೋಟೆಲಿಗೆ ಬಟ್ಟೆ ಸಾಗಿಸುವ ಗಾಡಿ ಭಾವ, ಅವಳ ಗಂಡನ ಅಣ್ಣ, ನೆಲಕ್ಕೆ ಉಗಿದ. "ಅದೇ ಬೋಳಿಮಗ ವಾರಕ್ಕೊಂದಿನ ಹಿಂದಿನ ಗೇಟಲ್ಲಿರ್ತಾನೆ. ನನ್ನ ಮುಖ ಇದುವರೆಗೂ ನೋಡಿಲ್ಲ. ತಲೆ ಮೇಲೆ ಗಂಟಿದ್ರೆ ಸಾಕು, ನಡಿ ನಡಿ ಅಂತಾನೆ."

ಅತ್ತೆ ಬಡಿಯುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟಳು. "ಹಂಗಾದ್ರೆ ಎಂಬತ್ತು ಗಂಟು ಕಟ್ರೋ," ಎಂದಳು.

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಒಳಗೆ ಹೋಗಿ ಎಲ್ಲಿ ನಿಲ್ಲುವುದು? ಸಭೆಯ ಬಾಗಿಲಲ್ಲೇ ಹಿಡಿದು ಬಡಿದರೆ? ಆಗ ಅವಳ ಕೈ ತಾನಾಗಿ ಸೊಂಟದ ಹಿಡಿಯ ಮೇಲೆ ಹೋಯಿತು.

"ಗೋಡೆ ಆಚೆಗೆ ಕೂರ್ಬೋದು ಅತ್ತೆ," ಎಂದಳು. "ಸಾಮಾನು ಮೆಟ್ಟಿಲು ಹತ್ತಿದ್ರೆ ನೇರ ಅಲ್ಲಿಗೇ ಬರುತ್ತೆ. ಆ ಕಡೆ ಯಾರೂ ತಲೆ ಹಾಕಲ್ಲ. ಆದ್ರೆ ಗೋಡೆ ತೆಗೀಬೇಕಾದೋಳು ನಾನು."

ಹೇಳಿದ ಮೇಲೆ ಅವಳಿಗೆ ಭಯವಾಯಿತು. ಮಳೆಗಾಲದಲ್ಲಿ ಬಟ್ಟೆ ಒಣಗದ ತಿಂಗಳುಗಳಲ್ಲಿ ಒಲೆ ಉರಿಯುತ್ತಿದ್ದದ್ದು ಅವಳ ಸಂಬಳದಿಂದ. ಗಂಡ ಮೆಲ್ಲಗೆ, "ನಿನ್ನ ಕೆಲಸ ಹೋಗುತ್ತೆ ಕಣೇ," ಎಂದ.

"ಹೋಗುತ್ತೆ," ಎಂದಳು ಅವಳು.

ಹನ್ನೊಂದು ವರ್ಷ ಅವಳನ್ನು ಹೋಟೆಲ್ ರಾಣಿ ಎಂದು ಕುಟುಕಿಕೊಂಡೇ ಬಂದಿದ್ದ ಅತ್ತೆ ಎದ್ದು ಬಂದು ಅವಳ ಪಕ್ಕದಲ್ಲಿ ಕೂತಳು. "ನನ್ನ ಬಾಯಿ ಕೆಟ್ಟದ್ದು ಕಣವ್ವಾ, ಏನೇನೋ ಅಂದಿದೀನಿ. ನೀನು ಬೇಡ ಅಂದ್ರೆ ಬೇಡ. ನನ್ನ ಕಲ್ಲಿನಾಣೆಗೂ ಬೈಯಲ್ಲ," ಎಂದಳು.

ಅವಳಿಗೆ ಅಳು ಬಂತು. ಅತ್ತೆ ಬೈದಿದ್ದರೇ ಸುಲಭವಿತ್ತು.

*

ಸಭೆಯ ಹಿಂದಿನ ಸಂಜೆ ಗೋಡೆಯ ಈಚೆಗೆ ನಲವತ್ತು ಕುರ್ಚಿ ಹಾಕಿದಳು. ಆಚೆಗೆ ಎಂಬತ್ತು. ಕುರ್ಚಿ ಹಾಕುವುದು ಅವಳ ಕೆಲಸ ತಾನೆ? ಯಾಕೆ ಹಾಕಿದೆ ಎಂದು ಯಾರೂ ಕೇಳಲಿಲ್ಲ.

ಬೆಳಕು ಹರಿದಾಗಿನಿಂದ ಹಿಂದಿನ ಗೇಟಿನಲ್ಲಿ ಗಂಟುಗಳು ಬರತೊಡಗಿದವು. ಮೊದಲು ಐದು, ಆಮೇಲೆ ಹತ್ತು, ಮತ್ತೆ ಹತ್ತು.

"ಏನ್ರೋ ಇವತ್ತು, ಇಡೀ ಊರಿನ ಬಟ್ಟೆ ತರ್ತಿದೀರಾ?" ಕಾವಲಿನವನು ಆಕಳಿಸುತ್ತ ಕೇಳಿದ.

"ದೊಡ್ಡ ಸಾಹೇಬ್ರ ಸಭೆ ಅಣ್ಣಾ. ಪರದೆಯಿಂದ ಹಿಡಿದು ಕೈವಸ್ತ್ರದವರೆಗೆ ಎಲ್ಲಾ ಬದಲಾಯಿಸ್ಬೇಕಂತೆ," ಎಂದ ಗಾಡಿ ಭಾವ.

"ನಡಿ ನಡಿ."

ಒಂಬತ್ತರ ಹೊತ್ತಿಗೆ ಎಂಬತ್ತು ಜನ ಕತ್ತಲಲ್ಲಿ ಕೂತಿದ್ದರು, ಗಂಟು ತೊಡೆಯ ಮೇಲೆ. ಕೆಮ್ಮಿನ ಮುದುಕನೊಬ್ಬ ಗಂಟಿಗೆ ಬಾಯಿ ಒತ್ತಿ ಕೆಮ್ಮುತ್ತಿದ್ದ. ಅವಳು ಒಂದೊಂದೇ ಹಲಗೆಯ ತೂತಿಗೆ ಹಿಡಿ ತೂರಿಸಿ ಹನ್ನೊಂದರ ಕಾಲು ಸಡಿಲಿಸಿದಳು. ಹನ್ನೆರಡನೆಯದನ್ನು ಹಾಗೇ ಬಿಟ್ಟು, ಅದಕ್ಕೆ ಬೆನ್ನು ಕೊಟ್ಟು ಈಚೆಗೆ ನಿಂತಳು.

ಹತ್ತಕ್ಕೆ ಸಾಹೇಬರು ಬಂದರು. ನಕ್ಷೆ ಹಿಡಿದ ಎಂಜಿನಿಯರುಗಳು ಬಂದರು. ಒಟ್ಟು ಹದಿನಾಲ್ಕು ಜನ, ಇಪ್ಪತ್ತಾರು ಕುರ್ಚಿ ಖಾಲಿ. ಪರದೆಯ ಮೇಲೆ ಹೊಸ ಕೆರೆ ದಂಡೆಯ ಚಿತ್ರ ಬಂತು. ನಡೆಯುವ ದಾರಿ, ಹುಲ್ಲು, ಬೆಂಚು. ಬಿಸ್ಕತ್ತು ತಿನ್ನುತ್ತ ಎಲ್ಲರೂ ಚೆಂದ ಚೆಂದ ಎಂದರು. ಒಗೆಯುವ ಕಲ್ಲು ಇದ್ದ ಜಾಗದಲ್ಲಿ ಐಸ್‌ಕ್ರೀಮ್ ಅಂಗಡಿ ಇತ್ತು. ಅದನ್ನು ನೋಡಿದಾಗ ಅವಳ ಭಯಕ್ಕೆ ಬೆಂಕಿ ಬಿತ್ತು.

"ಹನ್ನೊಂದಾಯ್ತು," ಎಂದರು ಸಾಹೇಬರು ಗಡಿಯಾರ ನೋಡಿ. "ಬರ್ಕೊಳ್ರೀ. ಸಾರ್ವಜನಿಕರನ್ನ ವಿಧಿವತ್ತಾಗಿ ಆಹ್ವಾನಿಸಲಾಗಿತ್ತು. ಆಕ್ಷೇಪಣೆ ಇರೋರು ಯಾರೂ ಹಾಜರಿಲ್ಲ."

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ.

ಅವಳು ತಿರುಗಿ, ಹನ್ನೆರಡನೆಯ ಹಲಗೆಯ ತೂತಿಗೆ ಹಿಡಿ ತೂರಿಸಿ ಗರಗರ ತಿರುಗಿಸಿದಳು. ಹಿಡಿಯನ್ನು ಹೊರಗೆಳೆದು ಅದರಿಂದಲೇ ಗೋಡೆಯನ್ನು ಮೂರು ಸಲ ಬಡಿದಳು.

ಹಲಗೆಗಳ ಅಂಚಿನಲ್ಲಿ ಮೊದಲು ಕಂಡದ್ದು ಬೆರಳು. ಬಿಳಿಚಿದ, ಉಗುರು ಕರಗಿದ ಬೆರಳು. ಆಮೇಲೆ ಇಡೀ ಗೋಡೆ ಗಡಗಡ ಎಂದು ಸರಿದು ಹೋಗಿ ಮೂಲೆ ಸೇರಿತು. ಎಂಬತ್ತು ಮುಖ ಸಾಹೇಬರನ್ನೇ ನೋಡುತ್ತಿದ್ದವು.

ಸಾಹೇಬರು ಇಂಗು ತಿಂದ ಮಂಗನಂತಾದರು. "ಯಾರ್ರೀ ಇವ್ರು? ಯಾರ್ರೀ ಒಳಗೆ ಬಿಟ್ಟಿದ್ದು?"

ಮುಂದಿನ ಸಾಲಿನಿಂದ ಅತ್ತೆ ಎದ್ದಳು. "ನೀವೇ ಕರೆದ್ರಲ್ಲ ಸ್ವಾಮಿ. ನೋಟೀಸ್ ಅಂಟಿಸಿದ್ರಿ. ಬಂದ್ವಿ."

"ಇದು... ಇದು ಹೋಟೆಲ್..."

"ಗೊತ್ತು ಸ್ವಾಮಿ. ನಿಮ್ಮ ಮೊಣಕೈ ಕೆಳಗಿನ ಬಟ್ಟೆ ನಾನೇ ಒಗೆದಿದ್ದು. ಅದ್ರ ಮೇಲೆ ಚಹಾ ಚೆಲ್ಲಿದೋರು ಯಾರೋ ಕಾಣೆ. ಕಲೆ ಹೋಗ್ಲಿ ಅಂತ ಮೂರು ಸಲ ಸೋಡಾ ಹಾಕ್ದೆ. ಬಡಿದೂ ಬಡಿದೂ ರಟ್ಟೆ ಬಿದ್ದೋಯ್ತು. ಈಗ ಬರ್ಕೊಳ್ಳಿ. ನಮ್ಮ ಕಲ್ಲು ಕೀಳೋಕೆ ನಾವು ಬಿಡಲ್ಲ. ಇದು ಒಂದನೇ ಆಕ್ಷೇಪಣೆ."

"ಎರಡನೇದು!" ಪಕ್ಕದವನು ಎದ್ದ. ಗಂಡ ಎದ್ದ. ಗಾಡಿ ಭಾವ ಎದ್ದ. ಗುಮಾಸ್ತ ಸಾಹೇಬರ ಮುಖ ನೋಡಿದ, ಜನರ ಮುಖ ನೋಡಿದ. ಪೆನ್ನು ಕಾಗದದಿಂದ ಒಂದು ಬೆರಳು ಮೇಲೆಯೇ ನಿಂತಿತ್ತು.

"ಸಭೆ ಮುಂದೂಡಿದೆ! ಮುಚ್ರೀ ಆ ಗೋಡೇನ!" ಸಾಹೇಬರು ಕಿರುಚಿದರು.

ಟೈಯಪ್ಪ ಓಡಿ ಹೋಗಿ ಮೂಲೆಯ ಹಲಗೆಯೊಂದನ್ನು ಎಳೆದ. ಅದು ಕಂಬಿಯಲ್ಲಿ ಅಡ್ಡ ತಿರುಗಿ ಸಿಕ್ಕಿಕೊಂಡಿತು. ತಳ್ಳಿದ, ಒದ್ದ, ಟೈ ಸಂದಿನಲ್ಲಿ ಸಿಕ್ಕಿಸಿಕೊಂಡು ಬಿಡಿಸಿಕೊಂಡ. "ಏ ಕುರ್ಚೀ! ಹಿಡಿ ತಾರೇ! ಮುಚ್ಚೇ ಇದನ್ನ, ದರಿದ್ರ ಮುಂಡೇದೇ!"

"ತೆಗೆಯೋದಷ್ಟೇ ನನ್ನ ಕೆಲಸ ಸಾರ್ ಇವತ್ತು," ಎಂದಳು ಅವಳು.

ಬಾಗಿಲಲ್ಲಿ ನಾಲ್ವರು ಕಾವಲಿನವರು ಏದುಸಿರು ಬಿಡುತ್ತ ಬಂದು ನಿಂತರು. ಆಕಳಿಸಿದ್ದವನು ಎಂಬತ್ತು ಗಂಟುಗಳನ್ನೂ ಅವುಗಳ ಮೇಲಿದ್ದ ಕೈಗಳನ್ನೂ ಕಂಡು ಬಾಯಿ ತೆರೆದ.

ಅವಳು ಖಾಲಿ ಇದ್ದ ಇಪ್ಪತ್ತಾರು ಕುರ್ಚಿಗಳಲ್ಲಿ ಸಾಹೇಬರಿಗೆ ಎದುರಾಗಿದ್ದ ಒಂದನ್ನು ಎಳೆದುಕೊಂಡು, ಸೆರಗು ಸರಿಮಾಡಿಕೊಂಡು ಕೂತಳು. ಹಿಡಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

"ಏಳೇ ಮೇಲೆ!" ಟೈಯಪ್ಪ ಅರಚಿದ. "ಏಳೇ ಅಂದೆ!"

ಅವಳು ಏಳಲಿಲ್ಲ. ಹನ್ನೊಂದು ವರ್ಷ ಅಂದುಕೊಂಡಿದ್ದಷ್ಟು ಮೆತ್ತಗೇನೂ ಇರಲಿಲ್ಲ ಆ ಕುರ್ಚಿ.